ದಂಡಿನ ಹುಡುಗರು ಗೆದ್ದ ರೋವರ್ಸ್ ಕಪ್

ಚಿತ್ರದುರ್ಗದ ಹಳೇ ಮಾಧ್ಯಮಿಕ ಶಾಲೆ ಮೈದಾನದಲ್ಲಿ ಸಂಜೆಯಾದರೆ ಒಂದರ ಮಗ್ಗುಲಲ್ಲಿ ಒಂದು ಕ್ರಿಕೆಟ್ ಆಟ. ಮೊನ್ನೆ ಅದರ ಮೂಲೆಯಲ್ಲಿ ಏಳೆಂಟು ಹುಡುಗರು ಚಪ್ಪಲಿಗಳನ್ನೇ ಗೋಲಿನ ಗುರುತಾಗಿಟ್ಟು ಫುಟ್‌ಬಾಲ್ ಆಡುತ್ತಿದ್ದರು. ಎಲ್ಲರದೂ ಬರಿಗಾಲು. ಅವರಲ್ಲೊಬ್ಬ ಉರುಳಿ ಬಂದ ಚೆಂಡನ್ನು ಅಂಗಾಲಲ್ಲಿ ಒತ್ತಿ ನಿಲ್ಲಿಸಿದ, ಬೆರಳುಗಳಿಂದ ಒಂದಿಷ್ಟು ಹಿಂದಕ್ಕೆಳೆದುಕೊಂಡ, ಎದುರಿದ್ದವನು ಮುಂದೆ ನುಗ್ಗುವಷ್ಟರಲ್ಲಿ ಪಕ್ಕದಿಂದ ಜಾರಿಕೊಂಡ. "ಅಹಮದ್ ಖಾನ್ ಆಟ ಕಣೋ ಇದು" ಅಂದೆ. "ಯಾವ ಟೀಮು ಸಾರ್ ಅವರು?" ಅಂತ ಕೇಳಿದ. ಬೆಂಗಳೂರ್ ಮುಸ್ಲಿಮ್ಸ್ ಎಂದರೆ ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು ಎಂದು ನನಗೆ ಅನ್ನಿಸಿದ್ದರಿಂದಲೇ ಈ ಬರಹ.

ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ಬಂದ ಸಿಪಾಯಿಗಳು ಕವಾಯತು ಮುಗಿಸಿ ಚೆಂಡು ಒದೆಯುತ್ತಿದ್ದರು. ಸುತ್ತಲಿನ ಬೀದಿಗಳ ಹುಡುಗರು ನೋಡಿ ನೋಡಿ ಕಲಿತರು. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಆ ದಂಡಿನ ಮಗ್ಗುಲಲ್ಲೇ.

ಆಗ ದೇಶದ ದೊಡ್ಡ ಕಪ್‌ಗಳು ಹೆಚ್ಚಾಗಿ ಸೇನಾ ತಂಡಗಳ ಸೊತ್ತು. 1911ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದ್ದೇ. ಆದರೆ 1891ರಲ್ಲಿ ಮುಂಬಯಿಯಲ್ಲಿ ಶುರುವಾದ ರೋವರ್ಸ್ ಕಪ್ ಅದಾದ ಮೇಲೂ ಕಾಲು ಶತಮಾನ ಸಿಪಾಯಿಗಳ ಕೈಲೇ ಇತ್ತು. 1923ರಲ್ಲಿ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದು ಸೋತು ಹಿಂದಿರುಗಿತು.

1937ರಲ್ಲಿ ಆ ಕಪ್ಪನ್ನು ಮೊದಲ ಸಲ ಭಾರತೀಯರ ಕೈಗೆ ತಂದದ್ದು ಬೆಂಗಳೂರ್ ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಿದ್ದದ್ದು ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, 1934ರಿಂದ ಪ್ರತಿವರ್ಷ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದ ಬಲಿಷ್ಠ ತಂಡ. ಅದೃಷ್ಟ ಖುಲಾಯಿಸಿತು ಎಂದು ಯಾರಾದರೂ ಅಂದಿದ್ದರೆ ಮರುವರ್ಷವೇ ಉತ್ತರ ಸಿಕ್ಕಿತು: 1938ರಲ್ಲೂ ಕಪ್ ಇವರದೇ. ನನ್ನ ಲೆಕ್ಕದಲ್ಲಿ ಇದು ನಮ್ಮ ನಾಡಿನ ಕ್ಲಬ್ಬೊಂದು ಆಟದ ಮೈದಾನದಲ್ಲಿ ಸಾಧಿಸಿದ ಅತಿ ದೊಡ್ಡ ಕೆಲಸಗಳಲ್ಲಿ ಒಂದು. ನಮ್ಮ ಶಾಲೆಗಳಲ್ಲಿ ಇದನ್ನು ಹೇಳಿಕೊಟ್ಟವರಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಮೂರನೇ ಸಲ ಈ ಕ್ಲಬ್ ರೋವರ್ಸ್ ಗೆದ್ದದ್ದು ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ.

ಅದೇ ವರ್ಷ ಲಂಡನ್ ಒಲಿಂಪಿಕ್ಸ್. ಜುಲೈ 31ರಂದು ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಸಿಕ್ಕ ಎರಡು ಪೆನಾಲ್ಟಿ ಕಿಕ್‌ಗಳೂ ಕೈತಪ್ಪಿದವು, 1-2ರಿಂದ ಸೋತೆವು. ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ತಂಡದಲ್ಲಿ ಬೆಂಗಳೂರಿನ ಧನರಾಜ್ ಇದ್ದರು, ಬೆಂಗಳೂರ್ ಮುಸ್ಲಿಮ್ಸ್‌ನಲ್ಲಿ ಪಳಗಿದ ಅಹಮದ್ ಖಾನ್ ಇದ್ದರು. ಚೆಂಡು ಕಾಲಿಗೆ ಅಂಟಿದಂತೆ ಆಡುತ್ತಿದ್ದ ಅಹಮದ್‌ರನ್ನು ಹಾವಾಡಿಗ ಎಂದೇ ಕರೆಯುತ್ತಿದ್ದರು. ಮುಂದೆ ಅವರೂ ಧನರಾಜರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಚೂಣಿಯ ಐವರಿಗೆ ಬಂಗಾಳಿಗಳು ಇಟ್ಟ ಹೆಸರು ಪಂಚಪಾಂಡವರು. ಆ ಐವರಲ್ಲಿ ಇವರಿಬ್ಬರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು. ತಿರುಗಿ ಹೊಡೆದ ಒಂದೇ ಒಂದು ಗೋಲು ಅಹಮದ್ ಖಾನ್‌ರದು.

ದುರ್ಗಕ್ಕೂ ಇದಕ್ಕೂ ಏನು ನಂಟು ಎನ್ನಬಹುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯೆಲ್ಲ ಆಗ ಮೈಸೂರು ಸಂಸ್ಥಾನವೇ. 1946ರಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದ ತಂಡದ ಹೆಸರು ಮೈಸೂರು, ಅಂದರೆ ನಮ್ಮದೂ. ಆಮೇಲೂ ಕೆಲವು ಸಲ ಗೆದ್ದ ಅದೇ ಟ್ರೋಫಿ, ಕಡೆಯ ಗೆಲುವಿನ ನಂತರ 54 ವರ್ಷ ಕೈಗೆ ಸಿಗದೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕದ ಹುಡುಗರ ಮೂಲಕ ಮನೆಗೆ ಬಂತು. ರೋವರ್ಸ್ ಕಪ್ ಮಾತ್ರ ಈಗ ನಡೆಯುತ್ತಿಲ್ಲ.

ಇದರಲ್ಲಿ ಒಂದಿಷ್ಟನ್ನು ಆ ಹುಡುಗನಿಗೂ ಹೇಳಿದೆ. ಒಲಿಂಪಿಕ್ಸ್‌ನ ಬರಿಗಾಲಿನ ಮಾತು ಬಂದಾಗ ಆಟ ನಿಲ್ಲಿಸಿ ಎಲ್ಲರೂ ಹತ್ತಿರ ಬಂದರು. "ಚಳಿ ಆಗ್ತಿರ್ಲಿಲ್ವಾ ಸಾರ್?" ಅಂತ ಒಬ್ಬ, "ಬೂಟಿನವರು ತುಳಿದ್ರೆ?" ಅಂತ ಇನ್ನೊಬ್ಬ. ಆಮೇಲೆ ಮತ್ತೆ ಆಟಕ್ಕಿಳಿದರು. ಕತ್ತಲಾಗಿ ಚೆಂಡು ಕಾಣದಾದಾಗ ಗೋಲುಗಳನ್ನು ಕಾಲಿಗೆ ಮೆಟ್ಟಿಕೊಂಡು ಮನೆಗೆ ಹೊರಟರು.