ರೋಗ ಒಂದೇ, ದಾರಿ ಬೇರೆ

ರೋಗಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲವೆಂದು ಹಿರಿಯರು ಹೇಳುವುದುಂಟು. ರೋಗ ಬರುವ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ನಿಜ. ಬಂದ ರೋಗದಿಂದ ಪಾರಾಗುವ ಮಟ್ಟಿಗೆ ನಿಜವಲ್ಲ. ರೋಗಿಯ ಊರು ಯಾವುದು, ಅವನ ಮನೆಯ ಗಳಿಕೆ ಎಷ್ಟು ಎಂಬ ಸಂಗತಿಗಳೂ ಅವನ ಆಯುಷ್ಯವನ್ನು ನಿರ್ಧರಿಸುತ್ತವೆ. ವಿರಳವಾದ ಕ್ಯಾನ್ಸರುಗಳಲ್ಲಿ ಇದು ಎದ್ದು ಕಾಣುತ್ತದೆ.

ಒಂದು ಲಕ್ಷ ಜನರಲ್ಲಿ ವರ್ಷಕ್ಕೆ 6ಕ್ಕಿಂತ ಕಡಮೆ ಮಂದಿಗೆ ಹೊಸದಾಗಿ ಬರುವ ಕ್ಯಾನ್ಸರನ್ನು ಯುರೋಪಿನ ತಜ್ಞರು ವಿರಳವೆಂದು ಕರೆಯುತ್ತಾರೆ. ಇಂಥವು ಒಂದೊಂದೂ ಅಪರೂಪ. ಆದರೆ ಎಲ್ಲವನ್ನೂ ಕೂಡಿಸಿದರೆ ಅಲ್ಲಿನ ಕ್ಯಾನ್ಸರ್ ರೋಗಿಗಳಲ್ಲಿ ಐದನೆಯ ಒಂದು ಪಾಲನ್ನೂ ಮೀರುತ್ತವೆ.

ಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮವನ್ನು ಉದಾಹರಣೆಯಾಗಿ ನೋಡೋಣ. ಕಣ್ಣಿನ ಒಳಪರೆಯಾದ ಅಕ್ಷಿಪಟಲದಲ್ಲಿ ಹುಟ್ಟುವ ಈ ಗಂತಿ ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿನ ಕಣ್ಣಿನ ಪಾಪೆ ದೀಪದ ಬೆಳಕಿನಲ್ಲಿ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದು ಇದರ ಮುಖ್ಯ ಚಿಹ್ನೆ. ಮೆಳ್ಳೆಗಣ್ಣು ಇನ್ನೊಂದು ಚಿಹ್ನೆ. ಮೊದಮೊದಲು ನೋವಿರುವುದಿಲ್ಲ; ಆದುದರಿಂದ ಮನೆಯವರಿಗೆ ಸಂಶಯವೂ ಬರುವುದಿಲ್ಲ.

ಹುಟ್ಟುವ 15,000ದಿಂದ 20,000 ಶಿಶುಗಳಲ್ಲಿ ಒಂದಕ್ಕೆ ಈ ರೋಗ ಬರುತ್ತದೆ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ 5,000 ಶಿಶುಗಳು ಹುಟ್ಟುತ್ತವೆಂದು ಭಾವಿಸಿದರೆ, ಮೂರು ನಾಲ್ಕು ವರ್ಷಕ್ಕೊಮ್ಮೆ ಒಂದು ಮಗು ಇದಕ್ಕೆ ತುತ್ತಾದೀತು. ಹೀಗಿರುವಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂತಹ ಊರುಗಳ ವೈದ್ಯರು ಎಷ್ಟೇ ನಿಪುಣರಾದರೂ ಇಂಥ ಮಗುವನ್ನು ಕಾಣುವುದು ಅಪರೂಪ. ಕಾಣದ ರೋಗವನ್ನು ಗುರುತಿಸುವುದು ಕಷ್ಟ. ಪಳಗಿದ ತಜ್ಞರಿರುವುದು ದೊಡ್ಡ ನಗರಗಳಲ್ಲಿ. 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿರುವ ಬೆಂಗಳೂರು ಈ ನಾಲ್ಕೂ ಊರುಗಳಿಂದ 400 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ದೂರದೊಡನೆ ಬಡತನವೂ ಸೇರಿದರೆ ದಾರಿ ಇನ್ನೂ ದುರ್ಗಮವಾಗುತ್ತದೆ. ರಾಮದುರ್ಗದ ನೇಕಾರನು ಮಗ್ಗ ನಿಲ್ಲಿಸಿದ ದಿನ ಗಳಿಕೆಯೂ ನಿಲ್ಲುತ್ತದೆ. ಬೈಲಹೊಂಗಲದ ಕಬ್ಬು ಕಡಿಯುವ ಕೂಲಿಯ ಪಾಡೂ ಹಾಗೆಯೇ. ಔಷಧಿ ಉಚಿತವಾದರೂ ಬಸ್ಸಿನ ಖರ್ಚು, ಊಟ, ವಸತಿ, ಕಳೆದುಹೋದ ಕೂಲಿ ಇವು ಉಚಿತವಲ್ಲ. "ಸುಗ್ಗಿ ಮುಗಿಯಲಿ, ನೋಡೋಣ" ಎಂದು ತಂದೆತಾಯಿಗಳು ತಡೆದರೆ ಅದು ಅಲಕ್ಷ್ಯವಲ್ಲ, ಅಸಹಾಯಕತೆ. ಆದರೆ ಗಂತಿ ಸುಗ್ಗಿಗಾಗಿ ಕಾಯುವುದಿಲ್ಲ.

2017ರಲ್ಲಿ ಈ ರೋಗವಿದೆಯೆಂದು ತಿಳಿದುಬಂದ, ನೂರೈವತ್ತಕ್ಕೂ ಹೆಚ್ಚು ದೇಶಗಳ 4,351 ಮಕ್ಕಳ ವಿವರಗಳನ್ನು ತಜ್ಞರು ಸಂಗ್ರಹಿಸಿದರು. ರೋಗ ಪತ್ತೆಯಾದಾಗಿನ ವಯಸ್ಸಿನ ಮಧ್ಯಾಂಕ ಶ್ರೀಮಂತ ದೇಶಗಳಲ್ಲಿ ಸುಮಾರು 14 ತಿಂಗಳು. ಕಡುಬಡ ದೇಶಗಳಲ್ಲಿ ಸುಮಾರು 30 ತಿಂಗಳು. ಅಷ್ಟು ಹೊತ್ತಿಗೆ ದೇಹದ ಬೇರೆಡೆಗೂ ರೋಗ ಹಬ್ಬಿದ್ದ ಮಕ್ಕಳು ಶ್ರೀಮಂತ ದೇಶಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ಕಡುಬಡ ದೇಶಗಳಲ್ಲಿ ನೂರಕ್ಕೆ ಸುಮಾರು 19. ರೋಗ ಕಣ್ಣಿನೊಳಗೇ ಇರುವಾಗ ಚಿಕಿತ್ಸೆ ದೊರೆತರೆ ಬಹುಪಾಲು ಮಕ್ಕಳು ಬದುಕುತ್ತಾರೆ; ಹೊರಗೆ ಹಬ್ಬಿದ ಮೇಲೆ ಉಳಿಸುವುದು ಕಠಿಣ. ಹದಿನಾರು ತಿಂಗಳ ಆ ಅಂತರವೇ ಎಷ್ಟೋ ಮಕ್ಕಳ ಜೀವದ ಬೆಲೆ.

ಈ ಅಂತರ ವಿಧಿಲಿಖಿತವಲ್ಲ. ಮನುಷ್ಯ ಪ್ರಯತ್ನದಿಂದ ಕುಗ್ಗುವಂಥದು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿಯೂ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆ ಉದ್ಘಾಟನೆಗೊಂಡಿತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಗಳ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತದೆ. ಆದರೆ ಆಸ್ಪತ್ರೆಯಿದ್ದರೆ ಸಾಲದು, ರೋಗಿ ಅಲ್ಲಿಗೆ ಸಕಾಲದಲ್ಲಿ ತಲುಪಬೇಕು. ಮಗುವಿನ ಕಣ್ಣಿನ ಬಿಳಿ ಹೊಳಪನ್ನು ಮೊದಲು ಕಾಣುವವರು ತಜ್ಞರಲ್ಲ; ತಾಯಿ, ಅಜ್ಜಿ, ಆಶಾ ಕಾರ್ಯಕರ್ತೆ, ಅಂಗನವಾಡಿಯ ಶಿಕ್ಷಕಿ, ಒಮ್ಮೊಮ್ಮೆ ಶಾಲೆಗೆ ಹೋಗುವ ಅಕ್ಕ ಅಥವಾ ಅಣ್ಣ. ಅಂಥ ಹೊಳಪು ಕಂಡ ಕೂಡಲೇ ಮಗುವನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬ ಅರಿವು ಮನೆಮನೆಗೆ ಮುಟ್ಟಿದರೆ, ಊರು ದೂರವಾದರೂ ಚಿಕಿತ್ಸೆಯ ಕಾಲ ಹತ್ತಿರವಾಗುತ್ತದೆ.