ಬೈಲುಕುಪ್ಪೆ: ನೆಲೆ ಕಳೆದುಕೊಂಡವರು ಕಟ್ಟಿದ ಸಂಸ್ಥೆಗಳು

ಉರ್ವ: 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನರ ಕೈಸೇರಿದಾಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳ ಆತಂಕ ನಮ್ಮ ಊರಿನ ಸುದ್ದಿಯೂ ಆಗಿತ್ತು. ಮರಳಿ ಹೋಗಲಾಗದವರು ಪರನಾಡಿನಲ್ಲಿ ಮೊದಲು ಏನನ್ನು ಕಟ್ಟುತ್ತಾರೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಮಡಿಕೇರಿ ದಾಟಿ ಮೈಸೂರಿಗೆ ಹೋಗುವ ದಾರಿಯಲ್ಲಿ, ಕುಶಾಲನಗರದ ಆಚೆ ಬೈಲುಕುಪ್ಪೆ ಇದೆ.

1959ರಲ್ಲಿ ದಲಾಯಿ ಲಾಮಾರ ಹಿಂದೆ ಸಾವಿರಾರು ಟಿಬೆಟನ್ನರು ಭಾರತಕ್ಕೆ ಬಂದರು. ಅಂದಿನ ಮೈಸೂರು ಸರಕಾರ ಸುಮಾರು 3,000 ಎಕ್ರೆ ಕಾಡುಭೂಮಿ ನೀಡಿತು. ಚಳಿನಾಡಿನ ಜನ ಬಿದಿರಿನ ಗುಡಿಸಲು, ಡೇರೆಗಳಲ್ಲಿದ್ದು ಕಾಡು ಕಡಿದರು. ಆನೆಗಳ ಕಾಟ ಬೇರೆ. ಅಲ್ಲಿ ಮೊದಲಿಗೇ ಬೇರೂರಿದವುಗಳಲ್ಲಿ ಸಹಕಾರಿ ಸಂಘವೂ ಒಂದು ಎಂಬುದನ್ನು ಗಮನಿಸಬೇಕು. ಒಂಟಿ ಕುಟುಂಬಕ್ಕೆ ಸಾಲ ಕೊಡುವವರಾರು? ಬೀಜ, ಗೊಬ್ಬರ, ಟ್ರಾಕ್ಟರ್ ಎಲ್ಲವೂ ಸಂಘದ ಮೂಲಕ. ಬೆಳೆದ ಜೋಳವನ್ನು ಕೊಳ್ಳುವುದೂ ಸಂಘವೇ. ಮಳೆ ಕೈಕೊಟ್ಟ ವರ್ಷ ಚಳಿಗಾಲದ ಸ್ವೆಟರ್ ವ್ಯಾಪಾರ ಮನೆ ನಡೆಸಿತು. ಪ್ರತಿ ಕ್ಯಾಂಪಿಗೆ ಜನರೇ ಆರಿಸಿದ ಮುಖಂಡನಿರುತ್ತಾನೆ, ನಮ್ಮ ವಾರ್ಡಿನ ಗುರಿಕಾರರ ಹಾಗೆ ಎನ್ನಬಹುದು.

ಶಾಲೆ, ಆಸ್ಪತ್ರೆ, ವೃದ್ಧಾಶ್ರಮಗಳು ಜೊತೆಗೂಡಿದವು. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ಮಠವನ್ನು ಆರಂಭಿಸಿದರು. ಲಾಸಾದಲ್ಲಿ ತೀವ್ರ ಹಾನಿಗೊಳಗಾದ ಸೆರಾ ವಿದ್ಯಾಪೀಠ 1970ರ ಹೊತ್ತಿಗೆ ಇಲ್ಲಿ ಮರುಜನ್ಮ ಪಡೆಯಿತು. ನಮ್ಮವರು ಪಿಕ್‌ನಿಕ್‌ಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಸ್ವರ್ಣ ಮಂದಿರ 1999ರದ್ದು, ಅಂದರೆ ಸಂಘಕ್ಕಿಂತ ಎಷ್ಟೋ ಕಿರಿಯದು.

ಹೊರಗಿನ ನೆರವೂ ಇತ್ತು. ಇಂದು ಸ್ವಸಹಾಯ ಗುಂಪುಗಳಿಗೆ ಹೆಸರಾದ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಟಿಬೆಟನ್ನರ ಪುನರ್ವಸತಿಗಾಗಿ. ನಮ್ಮ ಸಮಾಜಸೇವಾ ಕಾರ್ಯಕರ್ತರಲ್ಲಿ ಹಲವರಿಗೆ ಇದು ಹೊಸ ವಿಷಯವಾಗಬಹುದು.

ಆದರೆ ಈ ಭೂಮಿ ಅವರ ಸ್ವಂತದ್ದಲ್ಲ, ಗುತ್ತಿಗೆಯದ್ದು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದವರು ಕಾನೂನು ಪ್ರಕಾರ ಭಾರತೀಯರೇ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. ಆದರೂ 2017ರಲ್ಲಿ ಕೇಂದ್ರ ಸರಕಾರ, ಪಾಸ್‌ಪೋರ್ಟ್ ಬೇಕಾದವರು ನಿರಾಶ್ರಿತರ ನೋಂದಣಿ ಪತ್ರ ಹಿಂತಿರುಗಿಸಬೇಕು, ವಸಾಹತಿನಲ್ಲಿ ವಾಸಿಸಬಾರದು ಎಂಬ ಷರತ್ತು ಹಾಕಿತು. ಪೌರತ್ವ ಬೇಕೆಂದರೆ ಅಪ್ಪ ಅಮ್ಮ ಕಟ್ಟಿದ ಮನೆ, ಸಂಘ ಬಿಡಬೇಕೇ? ಇತ್ತ ಯುವಜನರು ಬೆಂಗಳೂರಿಗೆ, ಅಮೆರಿಕಾ, ಕೆನಡಾಗಳಿಗೆ ಹೊರಟಿದ್ದಾರೆ. ಹಲವು ಮನೆಗಳಲ್ಲಿ ಉಳಿದವರು ಹಿರಿಯರು ಮಾತ್ರ. ಗಲ್ಫ್‌ಗೆ ಮಕ್ಕಳನ್ನು ಕಳುಹಿಸಿದ ನಮ್ಮ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.