ಕಾರ್ಖಾನೆ ಕೇಳೋದೊಂದು, ತರಬೇತಿ ಕಲಿಸೋದೊಂದು

ಸರ್ಟಿಫಿಕೇಟ್ ಹಿಡಿದ ಗಡಿನಾಡ ಹುಡುಗರಿಗೆ ಎರಡೂ ರಾಜ್ಯಗಳ ಬಾಗಿಲು ದೂರ

ಅಗಳಿ: ಐಟಿಐ ಮುಗೀತು, ಮೂರು ತಿಂಗಳ ತರಬೇತಿನೂ ಆಯ್ತು, ಮುಂದೇನು? ಗಡಿಭಾಗದ ಹಳ್ಳಿಗಳ ಅರಳಿಕಟ್ಟೆಗಳಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಕೆಲಸ ಕೊಡುವ ಊರುಗಳು ದೂರವೂ ಇಲ್ಲ. ಆದರೆ ತರಬೇತಿ ಕೇಂದ್ರದಲ್ಲಿ ಕಲಿತದ್ದಕ್ಕೂ, ಕಾರ್ಖಾನೆ ಗೇಟಿನಲ್ಲಿ ಕೇಳುವುದಕ್ಕೂ ತಾಳೆ ಬೀಳುತ್ತಿಲ್ಲ.

ಕೊಡಿಕೊಂಡದಿಂದ ಹೊರಟು ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ರೊಳ್ಳ, ಅಗಳಿ ಮೂಲಕ ಶಿರಾ ಸೇರುವ 544ಇ ರಾಷ್ಟ್ರೀಯ ಹೆದ್ದಾರಿ ಈ ಭಾಗದ ಹೊಟ್ಟೆಪಾಡಿನ ದಾರಿಯೂ ಹೌದು. ಪೂರ್ವಕ್ಕೆ ಹೋದರೆ ಹಿಂದೂಪುರದ ತುಮುಕುಂಟ, ಗೊಲ್ಲಾಪುರ ಕೈಗಾರಿಕಾ ಪ್ರದೇಶಗಳು. ಇನ್ನೂ ಮುಂದೆ ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಉತ್ಪಾದನೆ ಆರಂಭಿಸಿದ, ವರ್ಷಕ್ಕೆ 3 ಲಕ್ಷ ಕಾರು ತಯಾರಿಸುವ ಸಾಮರ್ಥ್ಯದ ಕಿಯಾ ಕಾರ್ಖಾನೆ. ಪಶ್ಚಿಮಕ್ಕೆ ಹೋದರೆ ಶಿರಾ ದಾಟಿ ತುಮಕೂರಿನ ವಸಂತನರಸಾಪುರ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ. ಎರಡು ದಿಕ್ಕಿಗೂ ಬಸ್ಸಿದೆ, ಬಸ್ಸು ಹತ್ತುವವರ ಕೈಯಲ್ಲಿ ತಕ್ಕ ಕಸುಬಿಲ್ಲ.

ಯಾರು ಸ್ಥಳೀಯರು?

ಸ್ಥಳೀಯರಿಗೆ ಶೇ 75ರಷ್ಟು ಕೆಲಸ ಕೊಡಬೇಕೆಂಬ ಕಾಯ್ದೆಯನ್ನು ಆಂಧ್ರಪ್ರದೇಶ ವಿಧಾನಸಭೆ 2019ರ ಜುಲೈನಲ್ಲಿ ಅಂಗೀಕರಿಸಿತು. ಅದರಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ. ಅರ್ಹ ಸ್ಥಳೀಯರು ಸಿಗದಿದ್ದರೆ ಕಾರ್ಖಾನೆಯವರು ಸರಕಾರದ ಜತೆ ಸೇರಿ ಮೂರು ವರ್ಷದೊಳಗೆ ಸ್ಥಳೀಯರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಬೇಕು. ಅಂದರೆ ಕಲಿಸುವ ಹೊಣೆ ಮಾಲೀಕರ ಮೇಲೂ ಇದೆ.

ಕರ್ನಾಟಕದ ಕಡೆ ಲೆಕ್ಕವೇ ಬೇರೆ. ಅಲ್ಲಿನ ವೃತ್ತಿಶಿಕ್ಷಣ ಸೀಟುಗಳ ಅರ್ಹತಾ ನಿಯಮದಲ್ಲಿ ಮಡಕಶಿರಾ, ರಾಯದುರ್ಗ ತಾಲ್ಲೂಕಿನ ಕನ್ನಡಿಗರಿಗೆ ಗಡಿನಾಡ ಕನ್ನಡಿಗರೆಂಬ ಜಾಗ ಇದೆ. ಆದರೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ, ಕೂಡಲೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿ ಕರ್ನಾಟಕದಲ್ಲೇ ಹುಟ್ಟಿ 15 ವರ್ಷ ನೆಲೆಸಿದವರು ಮಾತ್ರ ಸ್ಥಳೀಯರು. ಓದಲು ಹೋದರೆ ನಮ್ಮವನು, ಕೆಲಸ ಕೇಳಿದರೆ ಹೊರಗಿನವನು. ಹೀಗಿರುವಾಗ ಅಗಳಿ ಹುಡುಗನ ಕೈ ಹಿಡಿಯುವುದು ಅವನು ಕಲಿತ ಕೆಲಸ ಒಂದೇ.

ತಲೆ ಎಣಿಕೆಯ ತರಬೇತಿ

2014ರಲ್ಲಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಬಂದವು. ಆಂಧ್ರದಲ್ಲಿ ಇದಕ್ಕೆಂದೇ ಕೌಶಲ್ಯಾಭಿವೃದ್ಧಿ ನಿಗಮವೂ ಇದೆ. ಹಣದ್ದಾಗಲಿ ಯೋಜನೆಯದ್ದಾಗಲಿ ಕೊರತೆ ಎನ್ನುವಂತಿಲ್ಲ. ಕೇಂದ್ರ ಸರಕಾರ 2016ರಲ್ಲಿ ನೇಮಿಸಿದ ಶಾರದಾ ಪ್ರಸಾದ್ ಸಮಿತಿಯೇ ರೋಗ ಎಲ್ಲಿದೆ ಎಂದು ಹೇಳಿತ್ತು. ಎಲ್ಲರೂ ಸಂಖ್ಯೆಯ ಹಿಂದೆ ಓಡುತ್ತಿದ್ದಾರೆ, ಯುವಕರಿಗೆ ಕೆಲಸವೂ ಸಿಗುತ್ತಿಲ್ಲ, ಉದ್ಯಮದ ಅಗತ್ಯವೂ ಪೂರೈಸುತ್ತಿಲ್ಲ ಎಂಬುದು ಅದರ ವರದಿಯ ಸಾರ.

ಪಕ್ಕದ ಪಾವಗಡವನ್ನೇ ನೋಡಬಹುದು. ಸುಮಾರು 13 ಸಾವಿರ ಎಕರೆಯಲ್ಲಿ ಎದ್ದಿರುವ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾಗಿ ಗುತ್ತಿಗೆ ಹಣ ಬಂತು. ಆದರೆ ಸುತ್ತಲಿನ ಕೂಲಿಕಾರರ ಪಾಲಿಗೆ ಬಂದದ್ದು ಹೆಚ್ಚಾಗಿ ಪ್ಯಾನೆಲ್ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು ಕಾಯೋದು. ಸೋಲಾರ್ ಜೋಡಣೆ, ರಿಪೇರಿ ಕಲಿಸುವ ಮೂರು ತಿಂಗಳ ‘ಸೂರ್ಯಮಿತ್ರ’ ತರಬೇತಿ 2015ರಿಂದಲೇ ದೇಶದಲ್ಲಿತ್ತು. ಕಂಬ ನೆಡುವ ದಿನವೇ ಯಾವ ಕೆಲಸಕ್ಕೆ ಎಷ್ಟು ಜನ ಬೇಕು ಎಂದು ಕೇಳಿ ಹುಡುಗರನ್ನು ತಯಾರು ಮಾಡದಿದ್ದರೆ ಆಗುವುದು ಹೀಗೇ. ನಾಳೆ ಈ ಹೆದ್ದಾರಿ ಪಕ್ಕ ಬರುವ ಕಾರ್ಖಾನೆಗೂ ಇದೇ ಪಾಠ.

ದಾರಿ ಇದೆ, ನಡೆಯುವವರು ಬೇಕು

ಕೇಳಿ ಕಲಿಸಲು ಬೇಕಾದ ನಿಯಮಗಳು ಈಗಾಗಲೇ ಇವೆ. 2007-08ರಲ್ಲೇ ದೇಶದ 1396 ಸರಕಾರಿ ಐಟಿಐಗಳಿಗೆ ತಲಾ 2.5 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟು, ಉದ್ಯಮಿಯೊಬ್ಬರ ಅಧ್ಯಕ್ಷತೆಯಲ್ಲಿ ಆಡಳಿತ ಸಮಿತಿ ಮಾಡುವ ಯೋಜನೆ ಬಂದಿತ್ತು. ಕೋರ್ಸಿನ ಒಂದು ಭಾಗ ಐಟಿಐನಲ್ಲಿ, ಇನ್ನೊಂದು ಭಾಗ ಕಾರ್ಖಾನೆಯಲ್ಲಿ ಕಲಿಯುವ ಪದ್ಧತಿಯೂ ಇದೆ. ಸಾವಿರ ಐಟಿಐಗಳನ್ನು ಮೇಲ್ದರ್ಜೆಗೇರಿಸುವ 60 ಸಾವಿರ ಕೋಟಿ ರೂಪಾಯಿ ಯೋಜನೆಗೆ ಕೇಂದ್ರ ಸಂಪುಟ 2025ರ ಮೇನಲ್ಲಿ ಒಪ್ಪಿಗೆ ಕೊಟ್ಟಿದೆ.

1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರ ತಿದ್ದುಪಡಿ ನಿಯಮದಂತೆ, 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಶೇ 2.5ರಿಂದ ಶೇ 15ರವರೆಗೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಕಡೆ ಇದು ಮಾಲೀಕರ ಇಚ್ಛೆ. ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಡಿ ಸ್ಟೈಪೆಂಡ್‌ನ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿ ಮಿತಿಯಲ್ಲಿ, ಕೇಂದ್ರವೇ ಭರಿಸುವ ಅವಕಾಶವನ್ನೂ ಮಾಡಲಾಗಿತ್ತು. ಈ ಲೆಕ್ಕವನ್ನು ಹಿಂದೂಪುರದ ಸಣ್ಣ ಗಾರ್ಮೆಂಟ್ಸ್ ಮಾಲೀಕರಿಗೋ ಶಿರಾದ ವರ್ಕ್‌ಶಾಪಿನವರಿಗೋ ಕೂತು ತಿಳಿಸಿ ಹೇಳುವವರು ಬೇಕು.

ದೊಡ್ಡ ಕಾರ್ಖಾನೆಯವರಷ್ಟೇ ಮಾಲೀಕರಲ್ಲ. ಬೋರ್‌ವೆಲ್ ಮೋಟಾರು ಸುಟ್ಟರೆ ವೈಂಡಿಂಗ್ ಮಾಡುವವನು, ಅಡಿಕೆ ಸುಲಿಯುವ ಯಂತ್ರ ರಿಪೇರಿ ಮಾಡುವವನು, ಡ್ರಿಪ್ ಪೈಪು ಜೋಡಿಸುವವನು ಪ್ರತಿ ಊರಿಗೂ ಬೇಕು. ರೇಷ್ಮೆ ಸಾಕುವವರಿಗೆ ಚಾಕಿ ಹುಳು ಎಬ್ಬಿಸಿ ಕೊಡುವವರು ಬೇಕು. ಹಿಂದೂಪುರದ ಕಿರಿಕೆರೆಯಲ್ಲೇ ಆಂಧ್ರದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ಇಂಥ ಕಸುಬಿಗೆ ಸಂಬಳದ ಚೀಟಿ ಇಲ್ಲದಿರಬಹುದು, ಊರು ಬಿಡದೆ ದುಡಿಯುವ ಅವಕಾಶ ಇದೆ.

ಭಾಷೆಯೂ ಕೌಶಲವೇ

ಇಲ್ಲಿನ ಮಕ್ಕಳ ಮನೆಮಾತು ಕನ್ನಡ. ಪೆನುಕೊಂಡ ಕಡೆ ಹೋದರೆ ಸೂಪರ್‌ವೈಸರ್ ಮಾತು ತೆಲುಗು, ಯಂತ್ರದ ಮೇಲಿನ ಬರಹ ಇಂಗ್ಲಿಷು. ಕೆಲಸ ಗೊತ್ತಿದ್ದೂ ಸಂದರ್ಶನದಲ್ಲಿ ಬಾಯಿ ಬಿಡದ ಹುಡುಗ ಹಿಂದೆ ಬೀಳುತ್ತಾನೆ. ಪಾಠ ಕನ್ನಡದಲ್ಲಿ ನಡೆದು, ಕೆಲಸದ ಜಾಗದ ತೆಲುಗು, ಇಂಗ್ಲಿಷನ್ನು ಜತೆಗೇ ಕಲಿಸಿದರೆ ಇದೇ ಹುಡುಗ ಎರಡೂ ಕಡೆ ಸಲ್ಲುತ್ತಾನೆ. ಗಡಿಯವರಿಗೆ ಎರಡು ಭಾಷೆ ಹೊರೆಯಾಗಬೇಕಿಲ್ಲ.

ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು 2024ರ ಜೂನ್‌ನಲ್ಲಿ ಅಧಿಕಾರ ವಹಿಸಿಕೊಂಡು ಸಹಿ ಹಾಕಿದ ಮೊದಲ ಕಡತಗಳಲ್ಲಿ ಕೌಶಲ ಗಣತಿಯೂ ಒಂದು. ಯಾರಿಗೆ ಏನು ಬರುತ್ತೆ ಎಂಬ ಆ ಲೆಕ್ಕದ ಜತೆಗೆ ಯಾರಿಗೆ ಏನು ಬೇಕು ಎಂಬ ಲೆಕ್ಕವೂ ಆಗಬೇಕು. ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ, ಮಡಕಶಿರಾ ಐದೂ ಮಂಡಲಗಳಿಗೆ ವರ್ಷಕ್ಕೊಮ್ಮೆ ಮಾಲೀಕರನ್ನೂ ಐಟಿಐ ಶಿಕ್ಷಕರನ್ನೂ ಒಂದೇ ಕಡೆ ಕೂರಿಸಿ, ಬೇಕಾದ ಕೆಲಸಗಳ ಪಟ್ಟಿ ಮಾಡಿ, ಆಮೇಲೆ ಕೋರ್ಸು ಶುರು ಮಾಡಿದರೆ ಖರ್ಚೇನೂ ಹೆಚ್ಚಲ್ಲ. 2022ರಲ್ಲಿ ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆಯ ಆಡಳಿತ, ಜತೆಗೆ ಪಕ್ಕದ ತುಮಕೂರು ಜಿಲ್ಲಾಡಳಿತವೂ ಇತ್ತ ಗಮನ ಹರಿಸಬೇಕಿದೆ.